ಶಾಮಿಯಾನದ ಗುತ್ಯಪ್ಪನವರು ಪ್ರೋಗ್ರಾಮಿಂಗ್ ಭಾಷೆ ಆರಿಸಿದ್ದು

ಸಾಗರದ ಶಾಮಿಯಾನದ ಗುತ್ಯಪ್ಪನವರ ಬಾಯಲ್ಲಿ ‘ಗೊತ್ತಿಲ್ಲ’ ಎನ್ನುವ ಮಾತು ಹೊರಡುತ್ತಿರಲಿಲ್ಲ. ಇದನ್ನು ಅಹಂಕಾರವೆಂದು ಯಾರೂ ತಿಳಿಯಬಾರದು, ಕಸುಬಿನ ಧರ್ಮ ಅದು. ಚಪ್ಪರದ ಕೆಳಗೆ ನಿಂತ ಹೆಣ್ಣಿನ ತಂದೆ “ಮಳೆ ಬರ್ತದಾ ಗುತ್ಯಪ್ಪೋರೇ?” ಎಂದು ಕೇಳಿದಾಗ ಗೊತ್ತಿಲ್ಲ ಎಂದರೆ ಆ ಮನುಷ್ಯ ಅಲ್ಲೇ ಕುಸಿದು ಕೂರುತ್ತಾನೆ. ಹಾಗಾಗಿ ಗುತ್ಯಪ್ಪನವರು ಆಕಾಶ ನೋಡಿ, ಗಲ್ಲ ಉಜ್ಜಿಕೊಂಡು, “ಯೋಚನೆ ಮಾಡಿ ಹೇಳ್ತೀನಿ” ಎನ್ನುತ್ತಿದ್ದರು. ಅವರ ಯೋಚನೆ ಮುಗಿಯುವಷ್ಟರಲ್ಲಿ ಮಳೆ ಬಂದಿರುತ್ತಿತ್ತು, ಇಲ್ಲವೇ ಮದುವೆ ಮುಗಿದಿರುತ್ತಿತ್ತು. ಈ ಒಂದು ಮಾತಿನಿಂದ ಇಷ್ಟು ವರ್ಷ ಯಾರಿಗೂ ತೊಂದರೆಯಾಗಿರಲಿಲ್ಲ. ಆದರೆ ಅದೇ ಮಾತು ಹೋದ ವರ್ಷ ಅವರ ಸ್ವಂತ ಮಗಳು ಕಾವ್ಯಾಳ ಮದುವೆಯನ್ನು ಅಡಕತ್ತರಿಯಲ್ಲಿ ಸಿಕ್ಕಿಸಿತು.

ವಿಷಯ ಶುರುವಾದದ್ದು ಕುರ್ಚಿಯಿಂದ. ಸಾಗರ, ಹೊಸನಗರ, ತೀರ್ಥಹಳ್ಳಿಯ ಶಾಮಿಯಾನ, ಪಾತ್ರೆ, ಮೈಕ್ ಸೆಟ್ ಬಾಡಿಗೆಯವರೆಲ್ಲ ಸೇರಿ ಒಂದು ಒಕ್ಕೂಟ ಮಾಡಿಕೊಂಡಿದ್ದರು. ಒಬ್ಬರ ಸಾಮಾನು ಸಾಲದಿದ್ದರೆ ಇನ್ನೊಬ್ಬರು ಕೊಡುವುದು ಎಂಬ ಒಳ್ಳೆಯ ಉದ್ದೇಶ. ಈ ಒಳ್ಳೆಯ ಉದ್ದೇಶದ ಫಲವಾಗಿ ಒಂದೇ ಲೋಡು ಕುರ್ಚಿಯನ್ನು ಹೊಸನಗರದ ಮದುವೆಗೂ ತೀರ್ಥಹಳ್ಳಿಯ ಸೀಮಂತಕ್ಕೂ ಒಪ್ಪಿಕೊಂಡಿದ್ದಾಯಿತು. ಕುರ್ಚಿಯ ಲಾರಿ ಎರಡೂ ಊರಿನವರ ಫೋನು ಕೇಳಿ ಕೇಳಿ ಹಿಂದಕ್ಕೂ ಮುಂದಕ್ಕೂ ತಿರುಗುತ್ತಿದ್ದಾಗ, ಎರಡೂ ಕಡೆಯ ನೆಂಟರು ನಿಂತುಕೊಂಡೇ ಉಂಡು ಮನೆಗೆ ಹೋದರು. ಬಸುರಿ ಹೆಂಗಸು ಮಾತ್ರ ಪಕ್ಕದ ಮನೆಯ ಸ್ಟೂಲಿನ ಮೇಲೆ ಕೂತಿದ್ದಳಂತೆ. ಇನ್ನು ಮುಂದೆ ಯಾರ ಸಾಮಾನು ಯಾವತ್ತು ಎಲ್ಲಿರುತ್ತದೆ ಎಂದು ಎಲ್ಲರ ಮೊಬೈಲಿನಲ್ಲೂ ಕಾಣುವ ಹಾಗೆ ಸಾಫ್ಟ್‌ವೇರ್ ಒಂದನ್ನು ಮಾಡಿಸಬೇಕೆಂದು ಒಕ್ಕೂಟ ಠರಾವು ಮಾಡಿತು.

ಒಕ್ಕೂಟದಲ್ಲಿ ಒಂದು ಪದ್ಧತಿ ಇತ್ತು. ಏನೇ ಇದ್ದರೂ ಮೂರು ತಾಲ್ಲೂಕಿಗೂ ಸಮನಾಗಿ ಹಂಚಬೇಕು. ಅಧ್ಯಕ್ಷರು ತೀರ್ಥಹಳ್ಳಿಯವರಾದರೆ ಉಪಾಧ್ಯಕ್ಷರು ಹೊಸನಗರದವರು, ಕಾರ್ಯದರ್ಶಿ ಸಾಗರದ ನಮ್ಮ ಗುತ್ಯಪ್ಪನವರು. ಸಭೆಗೆ ಕಾಫಿ ಒಬ್ಬರದು, ಅವಲಕ್ಕಿ ಒಬ್ಬರದು, ಬಾಳೆಹಣ್ಣು ಇನ್ನೊಬ್ಬರದು. ಬ್ಯಾನರಿನಲ್ಲಿ ಯಾವ ಊರಿನ ಹೆಸರೂ ಕೊನೆಗೆ ಬರಬಾರದೆಂದು ಮೂರನ್ನೂ ಚಕ್ರದ ಹಾಗೆ ಸುತ್ತ ಬರೆಸಿದ್ದರು. ಅದನ್ನು ಓದಲು ಕತ್ತು ಸುತ್ತಿಸಬೇಕಾಗುತ್ತಿತ್ತು, ಆದರೆ ಯಾರಿಗೂ ಬೇಸರವಿರಲಿಲ್ಲ.

ಸಾಫ್ಟ್‌ವೇರ್ ಬರೆಯಲು ಸಿಕ್ಕವಳು ಶ್ರೀಗೌರಿ. ಸಾಗರದ ಬಸ್ ಸ್ಟ್ಯಾಂಡಿನ ಹತ್ತಿರ ಮೆಡಿಕಲ್ ಶಾಪಿನ ಮಹಡಿಯ ಮೇಲೆ ಒಂದು ಕೋಣೆ ಹಿಡಿದು ಅದೇ ಕೆಲಸ ಮಾಡುತ್ತಿದ್ದ ಹುಡುಗಿ. ಸಭೆಗೆ ಬಂದವಳು ಎಲ್ಲ ಕೇಳಿ ಬರೆದುಕೊಂಡು, ಕೊನೆಗೆ ಮರ್ಯಾದೆಗೆಂದು ಒಂದು ಮಾತು ಕೇಳಿದಳು.

“ಕಂಪ್ಯೂಟರಿಗೆ ಕೆಲಸ ಹೇಳೋದಕ್ಕೆ ಬೇರೆ ಬೇರೆ ಭಾಷೆ ಇರ್ತಾವೆ. ಪೈಥಾನ್, ಜಾವಾ, ಪಿಎಚ್‌ಪಿ ಹೀಗೆ. ಮುಂದೆ ಇದನ್ನ ನೋಡ್ಕೊಳ್ಳೋಕೆ ನಿಮ್ಮಲ್ಲೇ ಯಾರಾದ್ರೂ ಇದ್ರೆ ಅವ್ರಿಗೆ ಬರೋ ಭಾಷೇಲೇ ಬರೀಬಹುದು. ಇಂಥದೇ ಬೇಕು ಅಂತ ಏನಾದ್ರೂ ಇದ್ಯಾ?”

ಎಲ್ಲರೂ ಕಾರ್ಯದರ್ಶಿಗಳ ಕಡೆ ತಿರುಗಿದರು. ‘ನಿಂಗೆ ಹೇಗೆ ಬರ್ತದೋ ಹಾಗೆ ಬರಿಯಮ್ಮ’ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಗುತ್ಯಪ್ಪನವರು ಫ್ಯಾನಿನ ಕಡೆ ನೋಡಿದರು, ಗಲ್ಲ ಉಜ್ಜಿಕೊಂಡರು.

“ಯೋಚನೆ ಮಾಡಿ ಹೇಳ್ತೀನಿ.”

ಅವರು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಹೆಂಡತಿ ದುಗ್ಗಮ್ಮ ಬಾಗಿಲಲ್ಲೇ ನಿಂತಿದ್ದರು.

“ಅದ್ಯಾವುದೋ ಭಾಷೆ ಆರಿಸೋದು ನಿಮ್ ಕೈಲಿದೆಯಂತೆ. ನಿಮಗೆ ಏನ್ ಗೊತ್ತು ಅದ್ರಲ್ಲಿ?”

“ಗೊತ್ತು ಮಾಡ್ಕೊಳ್ಳೋದೇನು ದೊಡ್ಡ ಬ್ರಹ್ಮವಿದ್ಯೆಯಾ?” ಎಂದು ಗುತ್ಯಪ್ಪನವರು ಗಂಭೀರವಾಗಿ ಚಪ್ಪಲಿ ಬಿಟ್ಟರು.

ಅವರಿಗೆ ಒಳಗೊಳಗೇ ಭಾರೀ ಖುಷಿಯಾಗಿತ್ತು. ಮಾರನೆಯ ದಿನ ಕಟಿಂಗ್ ಶಾಪಿನಲ್ಲಿ ಅವರಿಗೆ ಮೊದಲ ಕುರ್ಚಿ ಬಿಟ್ಟುಕೊಟ್ಟರು. ಬಸ್ಸಿನ ಕಂಡಕ್ಟರು “ಭಾಷೆ ಎಲ್ಲಿಗೆ ಬಂತು ಯಜಮಾನ್ರೇ?” ಎಂದು ವಿಚಾರಿಸಿದ. ಯಾವುದೋ ಕಚೇರಿಯ ಗುಮಾಸ್ತರೊಬ್ಬರು ರಸ್ತೆಯಲ್ಲೇ ತಡೆದು, ತಮ್ಮ ಕಂಪ್ಯೂಟರು ಬೆಳಗ್ಗೆಯಿಂದ ತಿರುಗುತ್ತಲೇ ಇದೆ, ನಿಮ್ಮದು ಮುಗಿದ ಮೇಲೆ ನಮಗೂ ಒಂದು ಒಳ್ಳೆಯ ಭಾಷೆ ನೋಡಿ ಎಂದು ಕೇಳಿಕೊಂಡರು. ಗುತ್ಯಪ್ಪನವರು ಅವರಿಗೂ ಯೋಚನೆ ಮಾಡಿ ಹೇಳುವುದಾಗಿ ಭರವಸೆ ಕೊಟ್ಟರು.

ಆ ಭಾನುವಾರ ಮೇಗರವಳ್ಳಿಯಿಂದ ಕಾಂತರಾಜ್ ಬಂದಿಳಿದರು. ಇವರು ತೀರ್ಥಹಳ್ಳಿ ಕಡೆಯ ದೊಡ್ಡ ಮೈಕ್ ಸೆಟ್ಟಿನವರು, ಒಕ್ಕೂಟದ ಅಧ್ಯಕ್ಷರು. ಎಲ್ಲಕ್ಕಿಂತ ಹೆಚ್ಚಾಗಿ ಗುತ್ಯಪ್ಪನವರ ಆಗಲಿರುವ ಬೀಗರು. ಇವರ ಮಗ ಸಚಿನ್‌ಗೂ ಕಾವ್ಯಾಳಿಗೂ ಮದುವೆ ನಿಶ್ಚಯವಾಗಿ, ವೈಶಾಖದಲ್ಲಿ ಮುಹೂರ್ತವೂ ಗೊತ್ತಾಗಿತ್ತು. ಕಾಂತರಾಜರ ಹಿಂದೆ ಡ್ರೈವರು ಒಂದು ಮೂಟೆ ಹೊತ್ತು ತಂದು ಇಳಿಸಿದ. ಬಿಚ್ಚಿದರೆ ಮನೆ ತುಂಬ ಜೀರಿಗೆಯ ಪರಿಮಳ. ಅಸಲು ಅಪ್ಪೆಮಿಡಿ ಮಾವು, ತೊಟ್ಟು ಮುರಿಯದ್ದು.

“ಹೊಳೆ ದಂಡೆಯ ಮರದ್ದು ಬೀಗರೇ. ನಮ್ಮನೆ ಉಪ್ಪಿನಕಾಯಿಗೇ ಇಟ್ಟಿದ್ದೆ” ಎಂದು ಕಾಂತರಾಜ್ ಕಾಫಿ ಕುಡಿದು ಲೋಟ ಕೆಳಗಿಟ್ಟರು. “ಮತ್ತೆ ಆ ಭಾಷೆ ವಿಚಾರ. ನಮ್ಮ ಸಚಿನ್ ಶಿವಮೊಗ್ಗದಲ್ಲಿ ಕೋರ್ಸ್ ಮಾಡಿ ಬಂದವ. ಜಾವಾ. ಊರಲ್ಲಿ ಎಲ್ಲರಿಗೂ ಹೇಳಿದೀನಿ ನಾನು. ಅಳಿಯನ ಭಾಷೆ ಬಿಟ್ಟು ಬೇರೆ ಇಡ್ತೀರಾ ನೀವು?”

“ಆಗ್ತದೆ, ನೋಡಣ” ಎಂದರು ಗುತ್ಯಪ್ಪನವರು.

ನಮ್ಮ ಕಡೆ ‘ಆಗ್ತದೆ, ನೋಡಣ’ ಎಂಬ ಮಾತನ್ನು ಹೇಳಿದವರು ಅಲ್ಲೇ ಮರೆಯುತ್ತಾರೆ, ಕೇಳಿದವರು ಗಂಟು ಕಟ್ಟಿಕೊಂಡು ಹೋಗುತ್ತಾರೆ. ಕಾಂತರಾಜ್ ಗಂಟು ಕಟ್ಟಿಕೊಂಡು ಹೋದರು. ಎರಡು ದಿನ ಬಿಟ್ಟು ಹೊಸನಗರ ಕಡೆಯಿಂದ, ನಿಟ್ಟೂರಿನ ಪಾತ್ರೆ ಶಂಭು ಭಟ್ಟರು ಬಂದರು. ಒಕ್ಕೂಟದ ಉಪಾಧ್ಯಕ್ಷರು. ಅನ್ನದ ಕೊಪ್ಪರಿಗೆಯಿಂದ ಪಾಯಸದ ಸೌಟಿನ ತನಕ ಮೂರು ತಾಲ್ಲೂಕಿಗೆ ಅವರದೇ. ಅವರ ಕೈಯಲ್ಲೂ ಅಪ್ಪೆಮಿಡಿ.

“ಘಟ್ಟದ ಬುಡದ ಮರದ್ದು ಗುತ್ಯಪ್ಪ. ಎರಡು ವರ್ಷ ಇಟ್ರೂ ಮೆತ್ತಗಾಗೂದಿಲ್ಲ. ನಮ್ಮ ಸೊಸೆ ಬಿಂದುಶ್ರೀ ಇದಾಳಲ್ಲ, ಮದುವೆಗೆ ಮುಂಚೆ ಕಂಪ್ಯೂಟರ್ ಕ್ಲಾಸಲ್ಲಿ ಪಿಎಚ್‌ಪಿ ಹೇಳಿಕೊಡ್ತಿದ್ಲು. ಹೊಸನಗರಕ್ಕೂ ಒಂದು ಮರ್ಯಾದೆ ಬೇಕಲ್ಲ.”

“ಆಗ್ತದೆ ಭಟ್ರೇ, ನೋಡಣ.”

ಸಾಗರದವರು ಸುಮ್ಮನಿರುತ್ತಾರೆಯೆ? ಶ್ರೀಗೌರಿ ಸಾಗರದವಳು, ಅವಳಿಗೆ ಚೆನ್ನಾಗಿ ಬರುವುದು ಪೈಥಾನ್, ಆದ್ದರಿಂದ ಪೈಥಾನ್ ನಮ್ಮ ಊರಿನ ಭಾಷೆ, ಅದನ್ನು ಬಿಟ್ಟುಕೊಟ್ಟರೆ ನಾವು ಮುಖ ಎತ್ತಿ ಓಡಾಡುವ ಹಾಗಿಲ್ಲ ಎಂದು ಊರಿನ ಶಾಮಿಯಾನದವರೆಲ್ಲ ಒಟ್ಟಾಗಿ ಬಂದು ಹೇಳಿದರು. ಅವರೂ ಬರಿಗೈಯಲ್ಲಿ ಬರಲಿಲ್ಲ. ದುಗ್ಗಮ್ಮನ ಭರಣಿಗಳೆಲ್ಲ ತುಂಬಿ, ಪಕ್ಕದ ಮನೆಯ ಭರಣಿಗಳೂ ತುಂಬಿ, ಕೊನೆಗೆ ಕಾವ್ಯಾಳ ಮದುವೆಗೆಂದು ತಂದಿಟ್ಟ ಹೊಸ ಸ್ಟೀಲಿನ ಡಬ್ಬಿಗೂ ಮಿಡಿ ಬಿತ್ತು.

“ಮೂರು ಕಡೆಯವರ ಉಪ್ಪು ಬಿದ್ದಾಗಿದೆ” ಎಂದರು ದುಗ್ಗಮ್ಮ, ಕೈಗೆ ಹತ್ತಿದ ಸೊನೆ ತೊಳೆಯುತ್ತ. “ಈಗ ಯಾರಿಗೆ ಇಲ್ಲ ಅಂತೀರಿ?”

ಗುತ್ಯಪ್ಪನವರು ಮೊದಲ ಬಾರಿಗೆ ಬೆರಳು ಮಡಚಿ ಲೆಕ್ಕ ಹಾಕಿದರು. ಜಾವಾ ಬಿಟ್ಟರೆ ಬೀಗರು ಮುನಿಯುತ್ತಾರೆ. ಪಿಎಚ್‌ಪಿ ಬಿಟ್ಟರೆ ಪಾತ್ರೆ ಬರುವುದಿಲ್ಲ, ಮದುವೆಯ ಅನ್ನ ಬೇಯುವುದಿಲ್ಲ. ಪೈಥಾನ್ ಬಿಟ್ಟರೆ ಚಪ್ಪರಕ್ಕೆ ಗೂಟ ಹೊಡೆಯಲು ಜನ ಬರುವುದಿಲ್ಲ. ಮಗಳ ಮದುವೆ ಮೂರು ಕಾಲಿನ ಮೇಲೆ ನಿಂತಿತ್ತು, ಯಾವ ಕಾಲು ಎಳೆದರೂ ಬೀಳುವಂತಿತ್ತು. ಅವರು ಶರ್ಟು ಹಾಕಿಕೊಂಡು ಸೀದಾ ಶ್ರೀಗೌರಿಯ ಮಹಡಿ ಹತ್ತಿದರು.

ಭಾಷೆಯ ಬಗ್ಗೆ ವಿಚಾರಿಸುವುದಕ್ಕೆ ಅವರಿಗೆ ಗೊತ್ತಿದ್ದದ್ದು ಒಂದೇ ರೀತಿ. ಹೊಸ ಶಾಮಿಯಾನ ಬಟ್ಟೆ ಕೊಳ್ಳುವಾಗ ಕೇಳುವ ಪ್ರಶ್ನೆಗಳನ್ನೇ ಕೇಳತೊಡಗಿದರು.

“ಮೊದಲ ಮಳೆಗೆ ಸೋರ್ತದಾ?”

“ಅಂದ್ರೆ?”

“ಅಂದ್ರೆ ನಿಟ್ಟೂರಲ್ಲಿ ಗಾಳಿ ಬಂದ್ರೆ ಕರೆಂಟಿಲ್ಲ, ಮೇಗರವಳ್ಳಿಲಿ ಟವರ್ ಸಿಗಲ್ಲ. ಅಲ್ಲೂ ನಿಲ್ತದಾ ನಿಮ್ ಭಾಷೆ?”

ಶ್ರೀಗೌರಿ ಪೆನ್ನು ಕೈಗೆತ್ತಿಕೊಂಡಳು. “ಅದು ಭಾಷೆಗಿಂತ ನಾವು ಹೇಗೆ ಕಟ್ತೀವಿ ಅನ್ನೋದರ ಮೇಲೆ. ನೆಟ್‌ವರ್ಕ್ ಇಲ್ದೇ ಇದ್ರೂ ಬರೆದಿಟ್ಕೊಂಡು, ಬಂದಾಗ ಕಳಿಸೋ ಹಾಗೆ ಮಾಡಬಹುದು.”

“ಒಬ್ಬನೇ ಎತ್ತೋ ಭಾರನಾ, ಇಲ್ಲ ಎಂಟು ಜನ ಬೇಕಾ?”

“ನಿಮ್ಮ ಕೆಲಸ ಚಿಕ್ಕದು ಗುತ್ಯಪ್ಪಣ್ಣ. ಯಾವುದರಲ್ಲಿ ಬರೆದ್ರೂ ಒಬ್ಬರೇ ಎತ್ತಬಹುದು.”

ಗುತ್ಯಪ್ಪನವರು ನಿಟ್ಟುಸಿರು ಬಿಟ್ಟರು. ಅವರಿಗೆ ಬೇಕಾದದ್ದು ಮೂವರನ್ನೂ ಸಮಾಧಾನ ಮಾಡುವ ಉಪಾಯ. ಈ ಹುಡುಗಿ ಯಾವುದಾದರೂ ಆದೀತು ಎನ್ನುತ್ತಿದ್ದಾಳೆ. ಎದ್ದು ಹೊರಟವರು ಬಾಗಿಲಲ್ಲಿ ನಿಂತು, ಅಭ್ಯಾಸಬಲದಿಂದ ಬಟ್ಟೆ ಅಂಗಡಿಯ ಕೊನೆಯ ಪ್ರಶ್ನೆಯನ್ನೂ ಕೇಳಿಬಿಟ್ಟರು.

“ಅಲ್ಲ, ಹರಿದ್ರೆ ಹೊಲಿಯೋರು ನಮ್ಮೂರಲ್ಲಿ ಸಿಗ್ತಾರಾ? ಮುಹೂರ್ತದ ದಿನ ಹರಿದ್ರೆ ಬಟ್ಟೆ ಎಷ್ಟು ಒಳ್ಳೇದಿದ್ದು ಏನು ಉಪಯೋಗ.”

ಶ್ರೀಗೌರಿ ನಕ್ಕಳು. “ಅಷ್ಟು ಸಾಕು ನಂಗೆ” ಎಂದಳು. ಏನು ಸಾಕು ಎಂದು ಗುತ್ಯಪ್ಪನವರಿಗೆ ತಿಳಿಯಲಿಲ್ಲ. ಮುಂದಿನ ವಾರ ಅವಳು ಎಲ್ಲರ ಮೊಬೈಲಿಗೂ ಒಂದು ‘ಸ್ಯಾಂಪಲ್’ ಕಳಿಸಿ, ಸುಮ್ಮನೆ ಒತ್ತಿ ನೋಡುತ್ತಿರಿ ಎಂದಳು. ಎಲ್ಲರೂ ಒತ್ತಿ ನೋಡಿದರು. ಕುರ್ಚಿ ಎಲ್ಲಿದೆ, ಕೊಪ್ಪರಿಗೆ ಯಾವತ್ತು ಬಿಡುವು, ಎಲ್ಲ ಕಾಣುತ್ತಿತ್ತು. ಇದು ಹೇಗೂ ಸ್ಯಾಂಪಲ್ಲು, ಅಸಲಿಯದಕ್ಕೆ ಇನ್ನೂ ಭಾಷೆ ಆರಿಸಬೇಕಲ್ಲ ಎಂದು ಜಗಳ ಮುಂದುವರಿಸಿದರು.

ಚೈತ್ರದಲ್ಲಿ ಹೊಸನಗರದಲ್ಲಿ ವಿಶೇಷ ಸಭೆ ಸೇರಿತು. ಶಂಭು ಭಟ್ಟರು ಎದ್ದು, ಒಕ್ಕೂಟದ ಪದ್ಧತಿಯಂತೆ ಭಾಷೆಯನ್ನೂ ಪಾಳಿಯಲ್ಲಿ ಇಡೋಣ ಎಂದರು. ಈ ವರ್ಷ ಹೊಸನಗರದ ಪಿಎಚ್‌ಪಿ, ಬರುವ ವರ್ಷ ತೀರ್ಥಹಳ್ಳಿಯ ಜಾವಾ, ಆಚೆ ವರ್ಷ ಸಾಗರದ ಪೈಥಾನ್.

“ಹಾಗಾದ್ರೆ ಪ್ರತಿ ವರ್ಷ ಮೊದಲಿಂದ ಬರೀಬೇಕಾಗ್ತದೆ” ಎಂದಳು ಶ್ರೀಗೌರಿ.

“ಬರೀರಿ. ನಾವು ಪ್ರತಿ ಮದುವೆಗೂ ಗೂಟ ಮೊದಲಿಂದಲೇ ಹೊಡಿಯೋದು” ಎಂದರು ಸಾಗರದ ಕಡೆಯವರು. ಸಭೆ ಚಪ್ಪಾಳೆ ತಟ್ಟಿತು. ಆದರೆ ಮೊದಲ ವರ್ಷ ಯಾರದು ಎಂಬಲ್ಲಿಗೆ ಬಂದಾಗ ಚಪ್ಪಾಳೆ ತಟ್ಟಿದ ಕೈಗಳೇ ಮೇಜು ಗುದ್ದತೊಡಗಿದವು. ಆಗ ಕಾರ್ಯದರ್ಶಿಗಳ ತಲೆಯಲ್ಲಿ ಮಿಂಚು ಹೊಳೆಯಿತು. ಗುತ್ಯಪ್ಪನವರು ಎದ್ದು ನಿಂತರು.

“ಹೀಗೆ ಮಾಡಣ. ಪಾತ್ರೆ ಎಲ್ಲ ಪಿಎಚ್‌ಪಿಯಲ್ಲಿ ಇರ್ಲಿ. ಮೈಕು ಜಾವಾದಲ್ಲಿ. ಶಾಮಿಯಾನ, ಕುರ್ಚಿ ಪೈಥಾನಲ್ಲಿ. ಮೂರು ಮೂರು ಕಡೆಗೆ.”

“ಆ ಮೂರೂ ಒಂದಕ್ಕೊಂದು ಮಾತಾಡ್ಬೇಕಲ್ಲ ಗುತ್ಯಪ್ಪಣ್ಣ” ಎಂದಳು ಶ್ರೀಗೌರಿ.

“ಯಾಕೆ, ನಾವು ಮೂರು ತಾಲ್ಲೂಕಿನವರು ಮಾತಾಡ್ತಿಲ್ವಾ?”

ಅಷ್ಟು ಹೊತ್ತಿಗೆ ಕಾಂತರಾಜರೂ ಶಂಭು ಭಟ್ಟರೂ ಮಾತು ಬಿಟ್ಟು ಕುರ್ಚಿಗಳನ್ನು ಬೆನ್ನಿಗೆ ಬೆನ್ನು ಮಾಡಿ ಹಾಕಿಸಿಕೊಂಡಾಗಿತ್ತು. ಕುರ್ಚಿ ಎತ್ತಿ ಹಾಕಿದ ಗುತ್ಯಪ್ಪನವರ ಆಳು ಮಧ್ಯದಲ್ಲಿ ಯಾವ ಕಡೆ ನಿಲ್ಲಬೇಕೆಂದು ತಿಳಿಯದೆ ಹೊರಗೆ ಹೋದ.

“ಇನ್ನು ಮಾತು ಬೇಡ” ಎಂದು ಕಾಂತರಾಜ್ ಎದ್ದರು. “ಮದುವೆ ದಿನ ಮೂರು ತಾಲ್ಲೂಕಿನವರೂ ಇರ್ತಾರೆ. ಧಾರೆಗೆ ಮುಂಚೆ ಬೀಗರು ಮೈಕಲ್ಲಿ ಯಾವ ಭಾಷೆ ಅಂತ ಹೇಳ್ಲಿ. ಮೈಕು ನಮ್ಮದೇ.”

“ಹೇಳ್ಲಿ” ಎಂದರು ಶಂಭು ಭಟ್ಟರು, ಗೋಡೆಯ ಕಡೆ ನೋಡಿಕೊಂಡು. “ಊಟದ ಪಾತ್ರೆ ನಮ್ಮದು.”

ಮನೆಯಲ್ಲಿ ಈ ವರದಿ ಕೇಳಿದ ಕಾವ್ಯಾ ತಾನೇ ವಿಚಾರಿಸುತ್ತೇನೆ ಎಂದುಕೊಂಡಳು. ಅವಳು ಲ್ಯಾಬ್ ಟೆಕ್ನೀಷಿಯನ್, ಪರೀಕ್ಷೆ ಮಾಡದೆ ಯಾವ ಮಾತನ್ನೂ ನಂಬುವವಳಲ್ಲ. ದುಗ್ಗಮ್ಮ ಮಾತ್ರ ಗಂಡನ ಎದುರು ಕೂತು ಕಣ್ಣು ಒರೆಸಿಕೊಂಡರು. “ಊರವರ ಮದುವೆಗೆಲ್ಲ ಚಪ್ಪರ ಹಾಕಿದ್ರಿ. ನಮ್ಮ ಹುಡುಗಿ ಮದುವೆ ಚಪ್ಪರನೇ ಬೀಳಿಸ್ತೀರಲ್ಲ” ಎಂದರು. ಗುತ್ಯಪ್ಪನವರಿಗೆ ಆ ಮಾತು ನೇರವಾಗಿ ಎದೆಗೆ ತಾಗಿತು. ಉತ್ತರಕ್ಕೆ ಗಲ್ಲ ಉಜ್ಜಿಕೊಳ್ಳಲು ಹೋದ ಕೈ ಅರ್ಧಕ್ಕೇ ನಿಂತಿತು.

ಮದುವೆ ನಡೆದದ್ದು ಹೊಸನಗರದ ಸಮುದಾಯ ಭವನದಲ್ಲಿ, ಎರಡೂ ಕಡೆಯವರಿಗೆ ಮಧ್ಯವಾಗಲಿ ಎಂದು. ಕುರ್ಚಿ ಸರಿಯಾದ ಹೊತ್ತಿಗೆ ಬಂತು. ಕೊಪ್ಪರಿಗೆ ಬಂತು. ಮೈಕು ಬಂತು. ಅಂಗಳದಲ್ಲಿ ಅದೇ ಮುಹೂರ್ತದ ಬೇರೆ ನಾಲ್ಕಾರು ಮದುವೆಗಳಿಗೆ ಹೊರಟ ಗಾಡಿಗಳೂ ಒಂದಕ್ಕೊಂದು ದಾರಿ ಬಿಟ್ಟು ನೆಟ್ಟಗೆ ಹೋದವು. ಇದನ್ನು ಯಾರೂ ಗಮನಿಸಲಿಲ್ಲ. ಎಲ್ಲರ ಕಣ್ಣೂ ಮಂಟಪದ ಪಕ್ಕದ ಮೈಕಿನ ಮೇಲಿತ್ತು. ಸಾಗರದವರು ಬಲಗಡೆ, ತೀರ್ಥಹಳ್ಳಿಯವರು ಎಡಗಡೆ, ಹೊಸನಗರದವರು ಅಡುಗೆ ಮನೆಯ ಬಾಗಿಲಲ್ಲಿ, ಬೇಕಾದರೆ ಅನ್ನದ ಕೊಪ್ಪರಿಗೆಯನ್ನೇ ಎತ್ತಿಕೊಂಡು ಹೋಗುವ ಹಾಗೆ.

ವಧೂವರರ ನಡುವೆ ಅಂತರಪಟ ಹಿಡಿದರು. ಗುತ್ಯಪ್ಪನವರು ಕೈಯಲ್ಲಿ ಧಾರೆಯ ತಂಬಿಗೆ ಹಿಡಿದು ನಿಂತಿದ್ದರು. ಕಾಂತರಾಜ್ ಮೈಕನ್ನು ತಂದು ಅವರ ಬಾಯಿಗೂ ಅಂತರಪಟಕ್ಕೂ ಮಧ್ಯದಲ್ಲಿ ನಿಲ್ಲಿಸಿ, ಗುಂಡಿ ಒತ್ತಿ, ಪಕ್ಕಕ್ಕೆ ಸರಿದರು.

“ಹೇಳಿ ಬೀಗರೇ.”

ಗುತ್ಯಪ್ಪನವರು ಮೇಲಿನ ಫ್ಯಾನು ನೋಡಿದರು. ಗಲ್ಲ ಉಜ್ಜಿಕೊಳ್ಳೋಣವೆಂದರೆ ಕೈಯಲ್ಲಿ ತಂಬಿಗೆ ಇತ್ತು. ಪುರೋಹಿತರು ಗಡಿಯಾರ ನೋಡಿಕೊಂಡು “ಮುಹೂರ್ತ ಮೀರ್ತದೆ” ಎಂದರು. ಅಷ್ಟರಲ್ಲಿ ಅಂತರಪಟದ ಒಳಗಿನಿಂದ ಒಂದು ಮೆತ್ತನೆಯ ದನಿ ಭವನದ ಎಂಟೂ ಸ್ಪೀಕರುಗಳಲ್ಲಿ ಸ್ಪಷ್ಟವಾಗಿ ಕೇಳಿಸಿತು. ಕಾಂತರಾಜರ ಮೈಕುಗಳ ಗುಣವೇ ಅಂಥದು, ಉಸಿರಿನ ಸದ್ದನ್ನೂ ಬಿಡದೆ ಹಿಡಿಯುತ್ತವೆ.

“ಒಂದು ಕೇಳ್ತೀನಿ. ನಿಮಗೆ ನಿಜವಾಗ್ಲೂ ಜಾವಾ ಬರ್ತದಾ?” ಕಾವ್ಯಾಳ ದನಿ.

“ಇಲ್ಲ” ಎಂದಿತು ಆಚೆಯಿಂದ ಸಚಿನ್‌ನ ದನಿ. “ಮೊದಲ ವಾರ ಹೋದೆ, ತಲೆಗೆ ಹತ್ತಲಿಲ್ಲ. ಕ್ಲಾಸಿನ ಕೆಳಗೇ ಆಂಪ್ಲಿಫೈಯರ್ ರಿಪೇರಿ ಅಂಗಡಿ ಇತ್ತು, ಅಲ್ಲೇ ಕೂತು ಅದನ್ನ ಕಲ್ತೆ. ಅಪ್ಪಯ್ಯಂಗೆ ಹೇಳ್ಬೇಡಿ.”

ಅಪ್ಪಯ್ಯನಿಗೂ, ಅಪ್ಪಯ್ಯನ ಸಮಸ್ತ ಬಂಧುಬಳಗಕ್ಕೂ, ಹೊರಗೆ ಗಾಡಿ ನಿಲ್ಲಿಸುತ್ತಿದ್ದವರಿಗೂ ಕೇಳಿಸಿತು. ಕಾಂತರಾಜರ ಮುಖ ಕೆಂಪಾಯಿತು. ಅಡುಗೆ ಮನೆಯ ಬಾಗಿಲಲ್ಲಿ ಶಂಭು ಭಟ್ಟರ ಮುಖ ಅರಳಿತು. ಅವರು ಹೆಂಗಸರ ಸಾಲಿನಲ್ಲಿ ಕೂತಿದ್ದ ಸೊಸೆಯ ಕಡೆ ಕೈಬೀಸಿದರು.

“ಕೂಸೇ, ನೀ ಹೇಳು. ನಿಂಗೆ ಪಿಎಚ್‌ಪಿ ಬತ್ತಲ್ದ?”

“ಎಂತ ಮಾವಯ್ಯ, ಅದೆಲ್ಲ ಮರ್ತೇ ಹೋಜು” ಎಂದಳು ಬಿಂದುಶ್ರೀ, ಸೆರಗು ಸರಿಮಾಡಿಕೊಂಡು. “ಈಗ ಕೇಕ್ ಆರ್ಡರ್ ಮಾಡಿ ಕೊಡದ್ರಲ್ಲೇ ಪುರ್ಸೊತ್ತು ಇಲ್ಲೆ.”

ಅರಳಿದ ಮುಖ ಮೆಲ್ಲಗೆ ಮುಚ್ಚಿಕೊಂಡಿತು. ಈ ಇಬ್ಬರನ್ನೂ ಅಷ್ಟು ದಿನ ಯಾರೂ ಒಂದು ಮಾತು ಕೇಳಿರಲಿಲ್ಲ. ಮೂರು ತಾಲ್ಲೂಕಿನವರ ಕಣ್ಣೂ ಒಟ್ಟಿಗೆ ಶ್ರೀಗೌರಿಯ ಕಡೆ ತಿರುಗಿತು. ಅವಳು ಎರಡನೇ ಸಾಲಿನಲ್ಲಿ ಕೂತು ಮೊಬೈಲು ನೋಡುತ್ತಿದ್ದಳು.

“ನನ್ನ ಕೇಳಿದ್ರೆ, ಭಾಷೆ ಆರಿಸಿ ಬರೆದು ಎರಡು ತಿಂಗಳಾಯ್ತು” ಎಂದಳು. “ನಿಮ್ಮ ಮೊಬೈಲಲ್ಲಿ ಇರೋದು ಅದೇ. ಇವತ್ತು ಈ ಕುರ್ಚಿ, ಕೊಪ್ಪರಿಗೆ, ಮೈಕು ಎಲ್ಲ ಬಂದಿದ್ದು ಅದ್ರಿಂದನೇ.”

“ಅದು ಸ್ಯಾಂಪಲ್ ಅಲ್ದಾ?” ಎಂದರು ಕಾಂತರಾಜ್.

“ಸ್ಯಾಂಪಲ್ ಅಂದಿದ್ದಕ್ಕೇ ನೀವು ಸುಮ್ನೆ ಬಳಸಿದ್ರಿ.”

“ಯಾರನ್ನ ಕೇಳಿ ಆರಿಸಿದ್ದು?” ಎಂದು ಎಡಗಡೆಯಿಂದ ಯಾರೋ ಎದ್ದರು.

“ಗುತ್ಯಪ್ಪಣ್ಣನ್ನ. ಹರಿದ್ರೆ ಹೊಲಿಯೋರು ಊರಲ್ಲೇ ಸಿಗಬೇಕು ಅಂದ್ರು. ಹೊಲಿಯೋಳು ನಾನೊಬ್ಳೇ ಕಂಡೆ. ನನ್ನ ಕೈಗೆ ಯಾವುದು ಸಲೀಸೋ ಅದ್ರಲ್ಲಿ ಬರೆದೆ.”

ಗುತ್ಯಪ್ಪನವರು ಬಾಯಿ ಬಿಟ್ಟುಕೊಂಡು ನಿಂತರು. ತಾವು ಭಾಷೆ ಆರಿಸಿದ್ದು ಮೂರು ತಾಲ್ಲೂಕಿನಲ್ಲಿ ಎಲ್ಲರಿಗಿಂತ ಕೊನೆಗೆ ತಿಳಿದದ್ದು ಅವರಿಗೇ. ಕಾಂತರಾಜ್ ಜೇಬಿನಿಂದ ಮೊಬೈಲು ತೆಗೆದರು, ಕಣ್ಣು ಕಿರಿದು ಮಾಡಿ ನೋಡಿದರು. ಅದರಲ್ಲಿ ಅವರ ಎಂಟು ಸ್ಪೀಕರೂ ಹೊಸನಗರದಲ್ಲಿ ಇರುವುದಾಗಿ ಕಾಣುತ್ತಿತ್ತು. ತಲೆ ಎತ್ತಿ ಎಣಿಸಿದರು, ಎಂಟೂ ಇದ್ದವು. ಅವರ ಮುಖ ಸಡಿಲವಾಯಿತು.

“ಆಂಪ್ಲಿಫೈಯರ್ ರಿಪೇರಿ ಕಲ್ತಿದಾನೆ ಅಂದ್ರೆ ಇನ್ನು ಶಿವಮೊಗ್ಗಕ್ಕೆ ಹೊತ್ಕೊಂಡು ಹೋಗೋದು ಬೇಡಲ್ಲ ಮಾರಾಯ್ರೆ” ಎಂದು ಪಕ್ಕದವರಿಗೆ ಹೇಳಿದ್ದೂ ಮೈಕಿನಲ್ಲಿ ಕೇಳಿಸಿತು. ಭವನವೆಲ್ಲ ನಕ್ಕಿತು. ಅಂತರಪಟ ಸರಿಯಿತು. ದುಗ್ಗಮ್ಮ ಗಂಡನ ಕೈ ತಿವಿದರು, ಧಾರೆಯ ನೀರು ಸರಿಯಾದ ಕೈಗಳ ಮೇಲೆ ಬಿತ್ತು. ಗುತ್ಯಪ್ಪನವರ ಕಣ್ಣಲ್ಲೂ ಅಷ್ಟೇ ನೀರಿತ್ತು, ಅದನ್ನು ಅವರು ಮುಚ್ಚಿಡಲೂ ಇಲ್ಲ.

ಆ ಭಾಷೆ ಕೊನೆಗೆ ಯಾವುದು ಎಂದು ಒಬ್ಬರೂ ಕೇಳಲಿಲ್ಲ. ಊಟದ ಎಲೆಯ ಮುಂದೆ ಎಲ್ಲರೂ ಸಾಲಾಗಿ ಕೂತರು. ಉಪ್ಪಿನಕಾಯಿಗೆ ಮೂರು ಊರಿನ ಮಿಡಿಯನ್ನೂ ಬಡಿಸಿದ್ದರು, ಯಾವುದು ಯಾವ ಊರಿನದೆಂದು ತಿಳಿಯದೆ ಎಲ್ಲರೂ ತಮ್ಮದೇ ಎಂದು ಹೊಗಳಿಕೊಂಡು ತಿಂದರು. ಕಾಂತರಾಜರೂ ಶಂಭು ಭಟ್ಟರೂ ಮುಖಕ್ಕೆ ಮುಖ ಕೊಟ್ಟು ಮಾತಾಡುತ್ತಿದ್ದರು. ದುಗ್ಗಮ್ಮ ಹೋಳಿಗೆಯ ತಟ್ಟೆ ಹಿಡಿದು ಗಂಡನ ಎಲೆಯ ಮುಂದೆ ಬಂದರು.

“ಎಲ್ಲ ಸರಿಯಾಯ್ತು” ಎಂದರು ಶಂಭು ಭಟ್ಟರು. “ಆದರೆ ಅದನ್ನ ಎಷ್ಟು ದಿನ ಸ್ಯಾಂಪಲ್ ಅಂತ ಕರೆಯೋದು? ಒಳ್ಳೇದೊಂದು ಹೆಸರು ಇಡಬೇಕಪ್ಪ. ನಮ್ಮ ಹೊಸನಗರಕ್ಕೂ ಒಪ್ಪೋ ಅಂಥದ್ದು.”

“ಹೆಸರು ಅಂದ್ರೆ ತೀರ್ಥಹಳ್ಳಿದೂ ಬರಬೇಕು ಅದ್ರಲ್ಲಿ” ಎಂದರು ಕಾಂತರಾಜ್.

“ಸಾಗರ ಬಿಟ್ಟು ಹೆಂಗೆ ಇಡ್ತೀರಿ?” ಎಂದಿತು ಬಲಗಡೆಯ ಸಾಲು.

ಎಲ್ಲರೂ ಕಾರ್ಯದರ್ಶಿಗಳ ಕಡೆ ತಿರುಗಿದರು. ಗುತ್ಯಪ್ಪನವರು ಚಾವಣಿಯ ಫ್ಯಾನು ನೋಡಿದರು, ಎಡಗೈ ಗಲ್ಲಕ್ಕೆ ಹೋಯಿತು, ಬಾಯಿ ತೆರೆಯಿತು.

“ಯೋಚನೆ ಮಾ—”

ದುಗ್ಗಮ್ಮ ಒಂದಿಡೀ ಹೋಳಿಗೆ ಮಡಚಿ ಆ ಬಾಯಿಗೆ ತುರುಕಿದರು. “ಅವ್ರಿಗೆ ಗೊತ್ತಿಲ್ವಂತೆ” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ, ತುಪ್ಪ ತರಲು ಒಳಗೆ ಹೋದರು.